ಬ್ಯಾಟರಾಯಪ್ಪನವರ ಸಹಿ

ಕೃಷ್ಣಮ್ಮ ‘ಥೂ’ ಅನ್ನದೆ ಒಂದು ದಿನ ಕಳೆದದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಎದುರಿನ ಚರಂಡಿಗೆ ಒಂದು. ಚರಂಡಿಯ ಪಕ್ಕ ಕಸದ ಕವರು ಎಸೆದು ಬೈಕಿನಲ್ಲಿ ಪರಾರಿಯಾಗುವ ಕಾಲೇಜು ಹುಡುಗರಿಗೆ ಒಂದು. ಬಿಳಿ ಷರಟಿನ ಮೇಲೆ ಕತ್ತಿನ ಚೈನು ಕಾಣುವ ಹಾಗೆ ಎಳೆದುಕೊಂಡು, ಮೆಟ್ಟಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವ ಗಂಡ ಚಿಕ್ಕಹನುಮಯ್ಯನಿಗೆ ಮಾತ್ರ ಎರಡು. ಅರವತ್ತು ದಾಟಿದ ಹೆಂಗಸು, ಬಾಯಿ ಗಟ್ಟಿ, ಮೂಗು ಇನ್ನೂ ಗಟ್ಟಿ. ಈ ಸೋಲದೇವನಹಳ್ಳಿಯಲ್ಲಿ ಏನೇ ಕೊಳೆತರೂ ಮೊದಲು ಗೊತ್ತಾಗುವುದು ಆಕೆಗೆ.

ನಾನು ಗಂಗಾದೇವಿ, ಗದಗಿನ ಕಡೆಯವಳು. ಇಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಕೃಷ್ಣಮ್ಮನ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಕೃಷ್ಣಮ್ಮನ ಮನೆ ಅಂದೆ, ಅದು ಬಾಯಿಮಾತು. ಆ ಕಟ್ಟಡ ಯಾರದು ಎಂದು ಕೇಳಿದರೆ ಆ ಮನೆಯಲ್ಲಿ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ.

ಅದರ ಕತೆ ಇಷ್ಟು. ರಾಗಿ ಹೊಲ ಸೈಟುಗಳಾದ ಕಾಲದಲ್ಲಿ ಕೃಷ್ಣಮ್ಮನ ಮಾವ ಬ್ಯಾಟರಾಯಪ್ಪನವರು ಈ ಕಟ್ಟಡ ಎಬ್ಬಿಸಿದರು. ಅವರು ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಬ್ಬರು, ಚಿಕ್ಕಹನುಮಯ್ಯ ಮತ್ತು ತಮ್ಮ ನಾಗಭೂಷಣ, ಬಾಡಿಗೆಯನ್ನು ಹಂಚಿಕೊಂಡಿದ್ದಾರೆ, ಕಟ್ಟಡವನ್ನು ಹಂಚಿಕೊಂಡಿಲ್ಲ. ಇವನು ಮಾಲೀಕ ಅಂತ ಒಂದು ಕಾಗದದಲ್ಲಿ ಬರೆಸಿಕೊಂಡರೆ ಅವನು ಕೋರ್ಟಿಗೆ ಹೋಗುತ್ತಾನೆ, ಅವನು ಬರೆಸಿಕೊಂಡರೆ ಇವನು ಹೋಗುತ್ತಾನೆ. ಅದಕ್ಕೆ ಇಬ್ಬರೂ ಸೇರಿ ಒಂದು ಉಪಾಯ ಕಂಡುಕೊಂಡರು. ಖಾತೆ ಅಪ್ಪನ ಹೆಸರಿನಲ್ಲೇ ಇರಲಿ, ಕರೆಂಟು ಬಿಲ್ಲು ಅಪ್ಪನ ಹೆಸರಿನಲ್ಲೇ ಬರಲಿ, ಬಾಡಿಗೆಯವರಿಗೆ ಕರಾರು ಪತ್ರ ಬೇಕಾದರೆ ಸಹಿಯನ್ನೂ ಅಪ್ಪನೇ ಹಾಕಲಿ.

ಹೀಗಾಗಿ ಬ್ಯಾಟರಾಯಪ್ಪನವರು ತೀರಿಕೊಂಡ ಮೇಲೆ ಒಂದೇ ಸಮನೆ ಸಹಿ ಹಾಕುತ್ತಿದ್ದಾರೆ. ಬದುಕಿದ್ದಾಗ ಪಾಪ ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ನನ್ನ ಗ್ಯಾಸ್ ಸಂಪರ್ಕಕ್ಕೂ ಅವರದೇ ಸಹಿ. ಛಾಪಾ ಕಾಗದದ ಅಂಗಡಿಯವನಿಗೆ ಇದು ರೂಢಿಯಾಗಿ ಹೋಗಿದೆ. ಹಳೇ ಊರಿನ ಯಾರೇ ಕರಾರು ಪತ್ರ ಮಾಡಿಸಲು ಹೋದರೂ ತಲೆ ಎತ್ತದೆ ಕೇಳುತ್ತಾನೆ, “ಓನರ್ ಹೆಸ್ರು? ತಾತಂದೇನಾ?” ಅರ್ಧ ಊರನ್ನು ಸತ್ತವರು ಬಾಡಿಗೆಗೆ ಕೊಟ್ಟಿದ್ದಾರೆ. ಯಾರಿಗೂ ಅಸಹ್ಯ ಅನ್ನಿಸಿಲ್ಲ.

ಈ ಮನೆಗೆ ನೀಮಾಳನ್ನು ಕರೆತಂದವಳು ನಾನೇ. ತಾಂಜಾನಿಯಾದ ಹುಡುಗಿ, ನರ್ಸಿಂಗ್ ಓದಲು ಬಂದವಳು. ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ, ಮೂರನೇ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಚಿಕ್ಕಹನುಮಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿ, ನಾನು ಕೊಡುವುದಕ್ಕಿಂತ ಹೆಚ್ಚು ಬಾಡಿಗೆ ಹೇಳಿದ. ನಾನು ಜಗಳಕ್ಕೆ ನಿಂತೆ.

“ಫಾರಿನ್ನೋರು ಕಣಮ್ಮ, ಕೊಡ್ತಾರೆ ಬುಡು,” ಎಂದ. ನೀಮಾ ಕೊಟ್ಟಳು. ಬೇರೆ ಕಡೆ ಅವಳ ಮುಖ ನೋಡಿಯೇ ‘ಮನೆ ಖಾಲಿ ಇಲ್ಲ’ ಅಂದಿದ್ದರು.

ಕೃಷ್ಣಮ್ಮನೇನು ಆರತಿ ಎತ್ತಿ ಬರಮಾಡಿಕೊಳ್ಳಲಿಲ್ಲ. ಮೊದಲ ಭಾನುವಾರ ನೀಮಾ ಒಣಮೀನು ಬೇಯಿಸಿದಳು. ಆಕೆ ಸೆರಗು ಮೂಗಿಗೆ ಒತ್ತಿಕೊಂಡು ನನ್ನ ಬಾಗಿಲಿಗೆ ಬಂದಳು.

“ಥೂ! ಅದೇನವ್ವ ಗಂಗಾ ವಾಸ್ನೆ? ಎಣ ಸುಟ್ಟಂಗೈತೆ! ನಾವೂ ಮೀನ್ ತಿಂತೀವಿ, ಇಂಗ್ ನಾರ್ಸಲ್ಲ. ಯಾವ್ದಾರ ಬೇರೆ ಮನೆ ನೋಡ್ಕಳಕ್ಕೆ ಏಳು ಅವ್ಳಿಗೆ.”

ನನಗೆ ಅವತ್ತು ಆಕೆಯ ಮೇಲೆ ಹೇಸಿಗೆಯೇ ಆಯಿತು. ಹುಡುಗಿಯ ದುಡ್ಡು ನಾರುವುದಿಲ್ಲ, ಊಟ ನಾರುತ್ತದೆಯೇ ಅಂತ ಕೇಳಬೇಕೆಂದಿದ್ದೆ. ಬಾಡಿಗೆಯವಳ ಬಾಯಿ ಎಷ್ಟು ತೆರೆಯಬೇಕೋ ಅಷ್ಟೇ ತೆರೆದೆ.

ನೀಮಾಳಿಗೆ ಇದ್ದ ಆತಂಕವೇ ಬೇರೆ. ಅವಳ ಓದಿನ ಖರ್ಚೆಲ್ಲ ಅವಳ ದೇಶದ ಸರ್ಕಾರದ ವಿದ್ಯಾರ್ಥಿವೇತನದ್ದು. ಆ ದುಡ್ಡು ಇಲ್ಲಿನ ಬ್ಯಾಂಕಿನಲ್ಲಿ ಅವಳದೇ ಹೆಸರಿನ ಖಾತೆ ಇದ್ದರೆ ಮಾತ್ರ ಬರುತ್ತದೆ. ತಿಂಗಳ ಕೊನೆಯೊಳಗೆ ಖಾತೆಯ ವಿವರ ಕಳಿಸದಿದ್ದರೆ ವಿದ್ಯಾರ್ಥಿವೇತನ ರದ್ದು. ಅದು ರದ್ದಾದರೆ ಸೀಟು ಹೋಯಿತು, ಸೀಟು ಹೋದರೆ ಗಂಟುಮೂಟೆ ಕಟ್ಟಿ ಊರಿಗೆ.

ಬ್ಯಾಂಕಿಗೆ ನಾನೇ ಜೊತೆಗೆ ಹೋದೆ. ಒಳಗೆ ಹೋಗುವಾಗಲೇ ಕಾವಲಿನವನು ಅವಳ ಚೀಲ ತೆಗೆಸಿದ, ನನ್ನದನ್ನು ಮುಟ್ಟಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸೊಬ್ಬಳು ಕೇಳದೆ ಮಾಡದೆ ನೀಮಾಳ ಜಡೆ ಹಿಡಿದು ಎಳೆದು ನೋಡಿ, “ಒರಿಜಿನಲ್ಲೇ ಕಣೇ,” ಎಂದು ಪಕ್ಕದವಳಿಗೆ ವರದಿ ಒಪ್ಪಿಸಿದಳು. ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು, ಆ ಇನ್ನೊಂದರವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ ಹಲ್ಲು ಚುಚ್ಚಿಕೊಳ್ಳುತ್ತ ಆಧಾರ್ ಕೇಳಿದರು. ಇಲ್ಲ ಅಂದೆವು. ಪಾಸ್‌ಪೋರ್ಟ್ ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ, “ಇದು ನಮ್ಮ ದೇಶದ್ದಲ್ವಲ್ಲ,” ಎಂದರು. ಅದಕ್ಕೇ ಅಲ್ಲವೇ ಬಂದಿರುವುದು! ನನ್ನ ಮೈ ಉರಿದುಹೋಯಿತು. ನೀಮಾ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಗದಗಳ ಫೈಲನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದಳು.

ಕೊನೆಗೆ ಒಳಗಿನ ಕೋಣೆಯ ಅಧಿಕಾರಿ ಶಿವಪ್ರಕಾಶ ಎಂಬವರು ಕಾಗದಗಳನ್ನು ನಿಜವಾಗಿ ಓದಿದರು. ಆ ಕಟ್ಟಡದಲ್ಲಿ ಅಕ್ಷರ ಓದಿದ ಮೊದಲ ಮನುಷ್ಯ.

“ನೋಡಿ ಮೇಡಂ, ಖಾತೆ ಕೊಡಬಾರದು ಅಂತೇನಿಲ್ಲ,” ಎಂದರು. “ಇಲ್ಲಿ ಎಲ್ಲಿ ಇದಾರೆ ಅನ್ನೋದಕ್ಕೆ ಪುರಾವೆ ಬೇಕು ಅಷ್ಟೇ. ಬಾಡಿಗೆ ಕರಾರು ಪತ್ರ, ಓನರ್ ಸೈನು, ಓನರ್ ಐಡಿ ಕೊಡಿ. ನಮ್ಮ ಕಡೆಯೋರು ಮನೆಗೆ ಬಂದು ಓನರ್‌ನ ಕಂಡು ಹೋಗ್ತಾರೆ. ಹೊರದೇಶದೋರ ವಿಷಯ ಅಲ್ವಾ, ಅದನ್ನ ಬಿಡೋ ಹಂಗಿಲ್ಲ.”

ಸಂಜೆ ನೀಮಾ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಕುಸಿದು ಕೂತಳು. ಕೃಷ್ಣಮ್ಮ ಚಿಕ್ಕಬಾಣಾವರದಿಂದ ಹಾಲಿನ ಕ್ಯಾನು ಹಿಡಿದು ಆಗಷ್ಟೇ ಬಂದಳು. ಅಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಆಕೆಗೆ ತವರಿನಿಂದ ಬಂದ ಒಂದು ಶೀಟಿನ ಮನೆ ಇದೆ. ತಾಯಿ ಮಾರಮ್ಮ ಅರಿಶಿನ ಕುಂಕುಮಕ್ಕೆ ಅಂತ ಮಗಳ ಹೆಸರಿಗೆ ಬರೆದುಕೊಟ್ಟದ್ದು. ಅರ್ಧದಲ್ಲಿ ಎರಡು ಹಸು, ಇನ್ನರ್ಧದಲ್ಲಿ ಹುಲ್ಲು, ಹಿಂಡಿ, ಹಳೇ ಸಾಮಾನು. ಗಂಡನ ಮನೆಯವರು ಅದನ್ನು ಕೊಟ್ಟಿಗೆ ಅನ್ನುತ್ತಾರೆ. ಮಾರಿಬಿಡು ಅಂತ ಚಿಕ್ಕಹನುಮಯ್ಯ ವರ್ಷಗಳಿಂದ ಪ್ರಾಣ ತಿನ್ನುತ್ತಿದ್ದಾನೆ. ಆಕೆ ಮಾತ್ರ ಪ್ರತಿ ವರ್ಷ ತಾನೇ ಹೋಗಿ ಕಂದಾಯ ಕಟ್ಟಿ ಬರುತ್ತಾಳೆ, ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುತ್ತಾಳೆ.

“ಇವ್ಳ್ ಯಾಕ್ ಇಂಗ್ ಕೂತವ್ಳೆ?” ಎಂದಳು. ನಾನು ಬ್ಯಾಂಕಿನ ಕತೆ ಹೇಳಿದೆ.

“ಆ ಬ್ಯಾಂಕಾ? ಥೂ!” ಕ್ಯಾನು ಕೆಳಗಿಟ್ಟಳು. “ಡೇರಿ ದುಡ್ಡು ಬೀಳಕ್ಕೆ ಅಂತ ನಾನೂ ಓಗಿದ್ನಲ್ಲ. ಗಂಡನ್ನ ಕರ್ಕಂಬಾ ಅಂದ್ರು. ಆಲು ಕರ್ಯೋಳು ನಾನು, ಸಗಣಿ ಬಾಚೋಳು ನಾನು, ಗಂಡ ಯಾಕ್ರಯ್ಯ ಅಂದೆ. ಅಂಗಲ್ಲ ಇಂಗಲ್ಲ ಅಂತ ಒಂದ್ ವಾರ ಅಲ್ಸಿದ್ರು. ಉಟ್ಟಿ ಬೆಳೆದ ಸೀಮೇಲಿ ನಿಂತ್ಕಂಡು ನಾನ್ಯಾರು ಅಂತ ನಾನೇ ಸಾಕ್ಷಿ ತೋರ್ಸ್ಬೇಕಾಯ್ತು ಕಣವ್ವ!”

ಆಮೇಲೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ನೀಮಾಳ ಮುಂದೆ ಕುಕ್ಕಿದಳು. ಕುಡಿ ಅಂತಲೂ ಹೇಳಲಿಲ್ಲ.

ಕರಾರು ಪತ್ರ ಬೇಕು ಅಂದಾಗ ಚಿಕ್ಕಹನುಮಯ್ಯ ತಲೆಯನ್ನೇನೂ ಕೆಡಿಸಿಕೊಳ್ಳಲಿಲ್ಲ. ಅಪ್ಪನ ಹಳೇ ಮತದಾರರ ಚೀಟಿಯ ಜೆರಾಕ್ಸುಗಳ ಕಟ್ಟೇ ಅವನ ಹತ್ತಿರ ಇತ್ತು. “ಮಾಲೀಕರೇ ಸಹಿ ಹಾಕಬೇಕ್ರೀ, ಬ್ಯಾಂಕಿನವ್ರು ಮನಿಗೆ ಬರ್ತಾರ,” ಎಂದು ನಾನು ಹೇಳಿದೆ, ಎರಡೆರಡು ಸಲ ಹೇಳಿದೆ.

“ಬರ್ಲಿ ಬುಡಮ್ಮ. ಅಪ್ಪ ಬೇರೆ ನಾನು ಬೇರೆನಾ?” ಎಂದ. ಛಾಪಾ ಕಾಗದ ಬಂತು. ಬ್ಯಾಟರಾಯಪ್ಪನವರು ನೀಲಿ ಬಾಲ್‌ಪೆನ್ನಿನಲ್ಲಿ ಸಹಿ ಹಾಕಿದರು. ಬೇರೆ ದಾರಿ ಇಲ್ಲದೆ ನೀಮಾ ಅದನ್ನು ಬ್ಯಾಂಕಿಗೆ ಕೊಟ್ಟಳು.

ಬ್ಯಾಂಕಿನ ಪರವಾಗಿ ಮನೆಮನೆ ನೋಡಿ ಬರುವವನು ಪಂಚಪ್ಪ ಅಂತ, ನಮ್ಮ ಕಡೆಯವನೇ, ಬಾಗಲಕೋಟೆಯವನು. ಒಂದು ಶನಿವಾರ ಬೆಳಿಗ್ಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದ. ನಾನು ರಜೆಯಲ್ಲಿದ್ದೆ, ಕೆಳಗಿಳಿದು ಬಂದೆ.

“ಬ್ಯಾಟರಾಯಪ್ಪನವ್ರ ಮನಿ ಇದೇ ಏನ್ರೀ?”

“ಊಂ, ನಾನೇ,” ಎಂದ ಚಿಕ್ಕಹನುಮಯ್ಯ. ನಾಚಿಕೆ ಅನ್ನುವುದು ಅವನ ಕಣ್ಣಿನಲ್ಲಿ ಒಂದು ಕ್ಷಣವೂ ಹಾಯಲಿಲ್ಲ. ಪಂಚಪ್ಪನನ್ನು ನಡುಮನೆಗೆ ಕರೆದು ಕೂರಿಸಿದ.

ಪಂಚಪ್ಪ ಕಾಗದ ನೋಡಿದ, ಮುಖ ನೋಡಿದ, ಮತ್ತೆ ಕಾಗದ ನೋಡಿದ. “ಚೀಟಿ ಪ್ರಕಾರ ನಿಮಗ ತೊಂಬತ್ತರ ಮ್ಯಾಲ ಆಗತೈತ್ರಿ. ನೀವು ಹಂಗ ಕಾಣಂಗಿಲ್ಲ.”

“ಮುದ್ದೆ ತಿಂದ್ ಮೈ ಅಲ್ವಾ ಸಾ,” ಎಂದು ಚಿಕ್ಕಹನುಮಯ್ಯ ಎದೆ ತಟ್ಟಿಕೊಂಡ.

ಆಗ ಸೊಸೆ ಮೋನಿಕಾ ಕಾಫಿ ತಂದಳು. ಆರ್.ಟಿ. ನಗರದಿಂದ ಮದುವೆಯಾಗಿ ಬಂದು ಆರು ತಿಂಗಳೂ ಆಗಿಲ್ಲ, ಈ ಮನೆಯ ಒಳಮರ್ಮ ಯಾರೂ ಹೇಳಿಕೊಟ್ಟಿರಲಿಲ್ಲ.

“ಬ್ಯಾಟರಾಯಪ್ಪ ಅಂದ್ರೆ ತಾತ ಅಲ್ವಾ ಮಾವ?” ಎಂದು ಗೋಡೆಯ ಕಡೆ ನೋಡಿದಳು.

ಪಂಚಪ್ಪನೂ ನೋಡಿದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೋ, ಗಂಧದ ಹಾರ, ಮುಂದೆ ಕೆಂಪು ಬಲ್ಬು. ಕೆಳಗೆ ಚಿನ್ನದ ಬಣ್ಣದಲ್ಲಿ ‘ದಿವಂಗತ ಬ್ಯಾಟರಾಯಪ್ಪನವರು’, ಒಂದು ಪಕ್ಕ ಜನನ, ಇನ್ನೊಂದು ಪಕ್ಕ ಮರಣ. ಪಂಚಪ್ಪ ಅದನ್ನು ಗಟ್ಟಿಯಾಗಿ ಓದಿದ, ಮರಣದ ತಾರೀಖನ್ನೂ ಬಿಡದೆ. ನನಗೆ ನಗು ಬಂತು, ಬಂದ ನಗು ಗಂಟಲಲ್ಲೇ ಹಳಸಿತು.

“ಸತ್ತವ್ರ ಹೆಸರಿನ್ಯಾಗ ಸುಳ್ಳು ಸಹಿ,” ಎಂದು ಪಂಚಪ್ಪ ಎದ್ದು ನಿಂತ. “ಅದೂ ಹೊರದೇಶದ ಹುಡುಗಿ ಕೇಸು. ಇದು ಪೊಲೀಸರ ತನಕ ಹೋಗತೈತ್ರಿ. ಯಾರು ಹಾಕಿದ್ದು ಇದನ್ನ?”

ಚಿಕ್ಕಹನುಮಯ್ಯನ ಎದೆ ಇಳಿಯಿತು. ಅಷ್ಟರಲ್ಲಿ ನೀಮಾ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ಅವನು ತೆರೆದ ಬಾಗಿಲಿನಿಂದ ಬೆರಳು ಚಾಚಿ ಅವಳನ್ನು ತೋರಿಸಿದ.

“ನಂಗೊತ್ತಿಲ್ಲ ಸಾ. ಅವ್ಳೇ ಎಲ್ಲೋ ಆಕಿಸ್ಕಂಡಿರ್ಬೇಕು. ಆ ಕರೀ ಉಡುಗಿ ಯಾರೋ, ಎತ್ತಲವ್ಳೋ. ನಮ್ಮನೇಲಿಲ್ಲ. ಅವ್ಳು ಯಾರು ಅಂತ್ಲೇ ನಂಗೊತ್ತಿಲ್ಲ.”

ನೀಮಾಳಿಗೆ ಕನ್ನಡ ಬಾರದು. ಬೆರಳು ಅರ್ಥವಾಯಿತು. ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು. ಆ ಒಂದು ಮಾತು ಕಾಗದಕ್ಕೆ ಏರಿದ್ದರೆ ಖಾತೆಯ ಮಾತಿರಲಿ, ಪರದೇಶದಲ್ಲಿ ಸುಳ್ಳು ಸಹಿ ಹಾಕಿದವಳು ಅಂತ ಅವಳ ಬದುಕಿಗೇ ಮಸಿ ಬೀಳುತ್ತಿತ್ತು. ಸಣ್ಣ ಮನುಷ್ಯರನ್ನು ನಾನು ಬಹಳ ನೋಡಿದ್ದೇನೆ. ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡ ಕೈಯಿಂದಲೇ ಹೀಗೆ ಬೆರಳು ತೋರಿಸಿದವನನ್ನು ಅವತ್ತೇ ನೋಡಿದ್ದು.

“ಥೂ!”

ಬಾಗಿಲಲ್ಲಿ ಕೃಷ್ಣಮ್ಮ ನಿಂತಿದ್ದಳು, ಕೈಯಲ್ಲಿ ಹಾಲಿನ ಕ್ಯಾನು. ಈ ಸಲ ಬರೀ ಶಬ್ದವಲ್ಲ. ಗಂಡ ದಿನಾ ಒರೆಸಿಸುವ ಗ್ರಾನೈಟಿನ ಮೇಲೆ ಉಗುಳೇ ಬಿತ್ತು.

“ಗೊತ್ತಿಲ್ವಾ? ತಿಂಗಳ ಮೊದಲ್ನೇ ದಿನ ಎದ್ದೇಟಿಗೆ ಅವ್ಳ ಬಾಗ್ಲು ಬಡೀತೀಯಲ್ಲ, ಆಗ ಗೊತ್ತಿತ್ತಾ? ಸತ್ತಿರೋ ನಿಮ್ಮಪ್ಪನ ಕೈಲಿ ಸೈನ್ ಆಕಿಸ್ತೀಯ, ಬದ್ಕಿರೋ ಉಡುಗೀನ ಇಲ್ಲ ಅಂತೀಯ! ಅವ್ಳ ಮೀನು ವಾಸ್ನೆ ಅಂತಿದ್ನಲ್ಲಪ್ಪ ನಾನು. ನಾರ್ತಾ ಇದ್ದಿದ್ದು ಮೂರ್ನೇ ಮಹಡಿ ಅಲ್ಲ, ಈ ನಡುಮನೆ!”

“ಒಳಗೆ ಓಗೇ,” ಎಂದು ಗಂಡ ಗದರಿದ.

ಆಕೆ ಅವನ ಕಡೆ ತಿರುಗಲೇ ಇಲ್ಲ. ಪಂಚಪ್ಪನಿಗೆ ಹೇಳಿದಳು, “ಸೈನ್ ಆಕಿದ್ದು ಇವ್ನು. ಉಡುಗೀದೇನೂ ತಪ್ಪಿಲ್ಲ. ನಾನ್ ನೋಡಿದೀನಿ, ಎಲ್ ಬೇಕಾದ್ರೂ ಬಂದ್ ಏಳ್ತೀನಿ.”

ಪಂಚಪ್ಪ ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆ ಆಡಿಸಿದೆ. ಹೊರಗೆ ಬಂದು ಹೆಲ್ಮೆಟ್ ಹಾಕಿಕೊಳ್ಳುತ್ತ ಮೆಲ್ಲಗೆ ಅಂದ, “ಅಕ್ಕಾರ, ಬಾಗಲಾ ಕೀಲಿ ಹಾಕಿತ್ತು, ಯಾರೂ ಸಿಗಲಿಲ್ಲ ಅಂತ ಬರೀತೀನ್ರಿ. ಈ ಕಾಗದ ವಾಪಸ್ ತಗೊಂಡು ಬ್ಯಾರೆ ಕೊಡ್ರಿ. ಮುಂದಿನ ವಾರ ಮತ್ತ ಬರ್ತೀನಿ. ಆದ್ರ ಜೀವಂತ ಇರೋ ಮಾಲೀಕರನ್ನ ತೋರಸ್ರಿ.” ಒಳ್ಳೆಯ ಮನುಷ್ಯ. ಆದರೆ ಈ ಊರಿನಲ್ಲಿ ಒಳ್ಳೆಯತನವನ್ನೂ ಸುಳ್ಳು ಬರೆದೇ ಮಾಡಬೇಕು ಅನ್ನುವುದು ನನಗೆ ಇನ್ನೂ ಜೀರ್ಣವಾಗಿಲ್ಲ.

ಒಂದು ವಾರದೊಳಗೆ ಜೀವಂತ ಮಾಲೀಕನನ್ನು ಎಲ್ಲಿಂದ ತರುವುದು? ನಾನು ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಹೊರದೇಶದವಳು ಅಂದರೆ ಕೋಣೆ ಇಲ್ಲ, ಕೋಣೆ ಇದ್ದರೆ ಕರಾರು ಪತ್ರ ಇಲ್ಲ. ನೀಮಾ ಅಳಲಿಲ್ಲ. ಊರಿಗೆ ಹೋಗಲು ಟಿಕೆಟ್ಟು ಎಷ್ಟಾಗುತ್ತದೆ ಎಂದು ಮೊಬೈಲಿನಲ್ಲಿ ನೋಡುತ್ತ ಕೂತಳು. ಅದನ್ನು ನೋಡುವುದಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು.

ಸಂಜೆ ಕೃಷ್ಣಮ್ಮ ಮೇಲೆ ಬಂದಳು. ಕೂರಲಿಲ್ಲ.

“ಗಂಗಾ, ಓನರ್ ಎಂಗ್ಸಾದ್ರೆ ಬ್ಯಾಂಕ್ನೋರು ಒಪ್ತಾರಾ?”

“ಒಪ್ತಾರ್ರೀ ಅಮ್ಮಾರ. ಮನಿ ಖಾತೆ ಆಕಿ ಹೆಸರಿನ್ಯಾಗ ಇದ್ರ ಆತು.”

“ಐತೆ,” ಎಂದಳು. “ಚಿಕ್ಕಬಾಣಾವರದ್ದು ನನ್ ಎಸ್ರಲ್ಲೈತೆ. ಉಲ್ಲು ಇಂಡಿ ಎಲ್ಲ ಆಚೆಗಾಕಿ ಸುಣ್ಣ ಒಡಿಸ್ತೀನಿ. ಕಿಟ್ಕಿ ಚಿಕ್ಕದು. ಅಸಾ ಪಕ್ಕದಲ್ಲೇ ಇರ್ತವೆ. ಇರ್ತಾಳಾ ಕೇಳು.”

ನೀಮಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಸುಗಳ ವಿಷಯಕ್ಕೆ ಮುಖ ಹುಳ್ಳಗೆ ಮಾಡಿದಳು, ಅವಳು ದೊಡ್ಡ ಪಟ್ಟಣದಲ್ಲಿ ಬೆಳೆದವಳು. ಆಮೇಲೆ ಎದ್ದು ಹೋಗಿ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು.

ಕೆಳಗೆ ರಂಪ ಆಯಿತು. “ಆ ಕೊಟ್ಟಿಗೇಲಿ ಫಾರಿನ್ ಉಡುಗೀನ ಇಕ್ತೀಯಾ? ಜನ ಏನಂತಾರೆ?” ಎಂದು ಚಿಕ್ಕಹನುಮಯ್ಯ ಕೂಗಿದ.

“ಕೃಷ್ಣಮ್ಮನ ಮನೆ ಅಂತಾರೆ,” ಎಂದಳು ಆಕೆ. “ಅವ್ಳೊಬ್ಳೇ ಅಲ್ಲ. ನಾನೂ ಅಲ್ಲೇ ಇರ್ತೀನಿ.”

ಸೋಮವಾರ ಮೂವರೂ ಛಾಪಾ ಕಾಗದದ ಅಂಗಡಿಗೆ ಹೋದೆವು. ಅಂಗಡಿಯವನು ತಲೆ ಎತ್ತಲಿಲ್ಲ. “ಓನರ್ ಹೆಸ್ರು? ತಾತಂದೇನಾ?”

“ತಾತ ಸತ್ತೋಗಿದ್ದು ಇನ್ನೂ ಗೊತ್ತಾಗಿಲ್ವಾ ನಿಂಗೆ? ಬರಿ, ಕೃಷ್ಣಮ್ಮ.”

ಅವನು ಅಭ್ಯಾಸಬಲದಿಂದ ಮುಂದೆ ‘ಕೋಂ ಚಿಕ್ಕಹನುಮಯ್ಯ’ ಎಂದು ಗಂಡನ ಹೆಸರು ಟೈಪು ಮಾಡುತ್ತಿದ್ದ. ಆಕೆ ಕಂಪ್ಯೂಟರಿನ ಪರದೆಗೆ ಬೆರಳು ಕುಟ್ಟಿದಳು. “ಕೋಂ ಗೀಂ ಬ್ಯಾಡ. ಮಾರಮ್ಮನ ಮಗಳು ಅಂತ ಬರಿ. ಮನೆ ಕೊಟ್ಟೋಳು ಅವ್ಳು.” ಸಹಿ ಹಾಕುವಾಗ ನಾಲಿಗೆ ಹಲ್ಲಿನ ನಡುವೆ ಹಿಡಿದು ಒಂದೊಂದೇ ಅಕ್ಷರ ಕೂರಿಸಿದಳು. ಪಾಠ ಒಪ್ಪಿಸುವ ಮಗುವಿನ ಹಾಗಿತ್ತು. ಎಲ್ಲ ಅಕ್ಷರವೂ ಆಕೆಯದೇ.

ಪಂಚಪ್ಪ ಚಿಕ್ಕಬಾಣಾವರಕ್ಕೆ ಬಂದ ದಿನ ನಾನೂ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಹಸಿ ಸುಣ್ಣದ ವಾಸನೆ, ಅದರ ಮೇಲೆ ಸಗಣಿಯದು, ಅದರ ಮೇಲೆ ಒಣಮೀನಿನದು. ನೀಮಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೃಷ್ಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಸುವಿನ ಪಕ್ಕ ನಿಂತಿದ್ದಳು. ಒಬ್ಬರ ವಾಸನೆ ಒಬ್ಬರಿಗೆ ಆಗದು, ಅದನ್ನು ಇಬ್ಬರೂ ಮುಚ್ಚಿಟ್ಟಿರಲಿಲ್ಲ.

“ಮಾಲೀಕರು ಯಾರ್ರೀ?” ಎಂದ ಪಂಚಪ್ಪ. ಕೇಳುವಾಗ ಅವನ ಕಣ್ಣು ತಾನಾಗಿ ಗೋಡೆಯ ಮೇಲೆ ಓಡಿತು.

“ಗೋಡೆ ಏನ್ ನೋಡ್ತೀಯಪ್ಪ? ಇಲ್ ನೋಡು. ನಾನೇ. ಉಸ್ರಾಡ್ತಾ ಇದೀನಿ.”

ಅವನು ಮನೆಯ ಖಾತೆ ಪತ್ರ ನೋಡಿದ, ಸಹಿ ನೋಡಿದ. ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಕೇಳಲು ಸ್ವಲ್ಪ ಅಳುಕಿದ.

“ಈ ಹುಡುಗಿ ಇಲ್ಲೇ ಇರೋದು ಖರೇ ಏನ್ರೀ? ಯಾರು ಅಂತ ನಿಮಗ ಗೊತ್ತೇನ್ರೀ?”

ಕೃಷ್ಣಮ್ಮ ಮೂಗಿನಿಂದ ಸೆರಗು ತೆಗೆದಳು.

“ನೀಮಾ. ತಾಂಜಾನಿಯಾದೋಳು, ನರ್ಸ್ ಓದ್ತಾವ್ಳೆ. ಮೀನ್ ಬೇಯ್ಸುದ್ರೆ ನಂಗೆ ಜೀವ ಓಗ್ತೈತೆ, ಸಗಣಿ ಬಾಚುದ್ರೆ ಅವ್ಳಿಗೆ ಓಗ್ತೈತೆ. ಇಲ್ಲೇ ಇರ್ತಾಳೆ. ನಂಗ್ ಚೆನ್ನಾಗ್ ಗೊತ್ತು ಕಣಪ್ಪ, ಬರ್ಕೊ.”

ಪಂಚಪ್ಪ ಬರೆದುಕೊಂಡ. ತಿಂಗಳು ಮುಗಿಯುವ ಮುಂಚೆ ನೀಮಾಳ ಖಾತೆ ಆಯಿತು. ಹಸು ಕರು ಹಾಕುವುದಿದೆ, ಅದಕ್ಕೇ ಹೆಂಡತಿ ಅಲ್ಲಿದ್ದಾಳೆ ಎಂದು ಚಿಕ್ಕಹನುಮಯ್ಯ ಇವತ್ತಿಗೂ ಕೇಳಿದವರಿಗೆಲ್ಲ ಹೇಳುತ್ತಾನೆ. ಆ ಕರು ಆಗಲೇ ಹುಲ್ಲು ಮೇಯುತ್ತಿದೆ.